ಬಿ.ಇ. ಸೀಟು ಸಿಕ್ಕಿದೆ, ಫೀಸಿಗೆ ದಾರಿ ಯಾವುದು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ರೈತ. ಮೂರೂವರೆ ಎಕರೆ ಮಳೆಯಾಶ್ರಿತ ಜಮೀನು, ಮೆಕ್ಕೆಜೋಳ ಬೆಳೆಯುತ್ತೇವೆ. ಮಗಳು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿದವಳು. ದ್ವಿತೀಯ ಪಿಯುಸಿಯಲ್ಲಿ ಶೇ 88 ಬಂದಿದೆ. ಸಿಇಟಿ ಮೂಲಕ ದಾವಣಗೆರೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ನಮ್ಮದು ಪ್ರವರ್ಗ 2ಎ, ಆದಾಯ ಪ್ರಮಾಣಪತ್ರದಲ್ಲಿ 90 ಸಾವಿರ ಎಂದಿದೆ. ಅಣ್ಣನ ಮಗ ಚಿತ್ರದುರ್ಗದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿ.ಕಾಂ. ಸೇರಿದ್ದಾನೆ. ಇಬ್ಬರಿಗೂ ಯಾವ ಯಾವ ಸ್ಕಾಲರ್‌ಶಿಪ್ ಹಾಕಬಹುದು? ಸೈಬರ್ ಸೆಂಟರಿನವರು ‘ಎಲ್ಲಾ ಹಾಕಿಬಿಡಿ, ಯಾವುದಾದರೂ ಒಂದು ಬರುತ್ತೆ’ ಅನ್ನುತ್ತಾರೆ. ಸರಿಯೇ?

ಉತ್ತರ: ಖಾಸಗಿ ಟ್ರಸ್ಟುಗಳ ಮಟ್ಟಿಗೆ ಆ ಮಾತು ಸರಿ. ಸರ್ಕಾರದ ಯೋಜನೆಗಳಿಗೆ ಸರಿಯಲ್ಲ. ಅಲ್ಲಿ ದೊಡ್ಡ ಮೊತ್ತದ ಒಂದನ್ನು ಪಡೆದರೆ ಇನ್ನೊಂದು ಕೈತಪ್ಪುತ್ತದೆ. ಎರಡೂ ಖಾತೆಗೆ ಬಂದರೆ ಒಂದನ್ನು ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಮೊದಲು ಲೆಕ್ಕ ಹಾಕಿ, ಆಮೇಲೆ ಅರ್ಜಿ ಹಾಕಿ. ನಿಮ್ಮ ಮನೆಯ ಇಬ್ಬರು ಮಕ್ಕಳ ಲೆಕ್ಕ ಒಂದೇ ಅಲ್ಲ, ಮಗಳಿಗೆ ಲಾಭವಾಗುವ ಯೋಜನೆ ಅಣ್ಣನ ಮಗನಿಗೆ ಆಗುವುದಿಲ್ಲ.

ಮೊದಲು ಮಗಳದು. ಸಿಇಟಿ ಸೀಟು ಸಿಕ್ಕಿದ್ದೇ ಅರ್ಧ ಕೆಲಸ ಆದಂತೆ. ಶುಲ್ಕ ವಿನಾಯಿತಿ ಇರುವುದು ಸರ್ಕಾರಿ ಕೋಟಾದ ಸೀಟಿಗೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರು ಎಷ್ಟೇ ಬಡವರಾಗಿದ್ದರೂ ಆ ಸಾಲಿನಲ್ಲಿ ನಿಲ್ಲುವ ಹಾಗಿಲ್ಲ. ಪ್ರವೇಶ ಆದೇಶದ ಪ್ರತಿಯನ್ನು ಒಮ್ಮೆ ಸರಿಯಾಗಿ ಓದಿ. ಅದರಲ್ಲಿ ‘ಎಸ್‌ಎನ್‌ಕ್ಯೂ’ ಎಂದಿದೆಯೇ ನೋಡಿ. ಪ್ರತಿ ಕೋರ್ಸಿನ ಒಟ್ಟು ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳನ್ನು ಈ ಹೆಸರಿನಲ್ಲಿ ಇಟ್ಟಿರುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದ ಒಳಗಿದ್ದವರಿಗೆ ಇಲ್ಲಿ ಬೋಧನಾ ಶುಲ್ಕ ಇಲ್ಲ. ಇದಕ್ಕೆ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಇರುವುದಿಲ್ಲ, ಸಿಇಟಿ ಅರ್ಜಿ ತುಂಬುವಾಗಲೇ ಆದಾಯ ಪ್ರಮಾಣಪತ್ರದ ಸಂಖ್ಯೆ ಕೊಟ್ಟು ಕೇಳಿರಬೇಕು. ಊರಿನಲ್ಲಿ ಮುಂದಿನ ವರ್ಷ ಸಿಇಟಿ ಬರೆಯುವ ಮಕ್ಕಳಿದ್ದರೆ ಇದನ್ನು ಈಗಲೇ ಹೇಳಿಬಿಡಿ. ಸೀಟು ಹಂಚಿಕೆ ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಎಸ್‌ಎನ್‌ಕ್ಯೂ ಅಲ್ಲದ ಸಾಮಾನ್ಯ ಸಿಇಟಿ ಸೀಟಾಗಿದ್ದರೆ ಮಗಳ ಮುಂದೆ ಎರಡು ದಾರಿ.

ಒಂದು, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರ ಇಲಾಖೆಗಳೆಲ್ಲ ಈ ಒಂದೇ ಕಡೆ ಅರ್ಜಿ ತೆಗೆದುಕೊಳ್ಳುತ್ತವೆ. ನೀವು ಇಲಾಖೆ ಆರಿಸುವ ಅಗತ್ಯವಿಲ್ಲ, ಜಾತಿ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಹಾಕಿದಾಗ ಅದೇ ಸರಿಯಾದ ಇಲಾಖೆಗೆ ಹೋಗುತ್ತದೆ. ಹಿಂದುಳಿದ ವರ್ಗಗಳ ಶುಲ್ಕ ವಿನಾಯಿತಿಗೆ ಪ್ರವರ್ಗ 1ಕ್ಕೆ 2.5 ಲಕ್ಷ, 2ಎ, 3ಎ, 3ಬಿಗೆ 1 ಲಕ್ಷ ಎಂಬ ಆದಾಯ ಮಿತಿ ಹಲವು ವರ್ಷ ನಡೆದುಬಂದಿದೆ. ಅರ್ಜಿ ಕರೆದಾಗ ಆ ವರ್ಷದ ಪ್ರಕಟಣೆಯಲ್ಲಿ ಮಿತಿ ಎಷ್ಟೆಂದು ನೋಡಿಕೊಳ್ಳಿ. ನಿಮ್ಮ 90 ಸಾವಿರ ಹಳೆಯ ಮಿತಿಗೂ ಒಳಗೇ ಇದೆ. ಜೊತೆಗೆ ವಿದ್ಯಾಸಿರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500ರಂತೆ 10 ತಿಂಗಳು, ಅಂದರೆ ವರ್ಷಕ್ಕೆ 15,000 ಕೊಡುವ ಲೆಕ್ಕದಲ್ಲಿ ನಡೆದುಬಂದ ಯೋಜನೆ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ಸೀಟು ಸಿಕ್ಕರೆ ವಿದ್ಯಾಸಿರಿ ಇಲ್ಲ. ನನ್ನನ್ನು ಕೇಳಿದರೆ, ಜಗಳೂರು ಕಡೆಯಿಂದ ಬರುವ ಹುಡುಗಿಗೆ ಹಾಸ್ಟೆಲ್ ಸಿಗುವುದಾದರೆ ಅದನ್ನೇ ಹಿಡಿಯಿರಿ. ದಾವಣಗೆರೆಯಲ್ಲಿ ಪಿಜಿ ಊಟ ವಸತಿಗೆ 1,500 ಯಾವ ಮೂಲೆಗೂ ಸಾಲದು. ಹಾಸ್ಟೆಲ್ ಅರ್ಜಿ ಬೇರೆ ಪೋರ್ಟಲ್‌ನಲ್ಲಿ, ಅದಕ್ಕೆ ಎಸ್‌ಎಚ್‌ಪಿ ಅನ್ನುತ್ತಾರೆ. ಎಸ್‌ಎಸ್‌ಪಿಯಲ್ಲಿ ಹಾಕಿದರೆ ಹಾಸ್ಟೆಲ್ಲಿಗೂ ಹಾಕಿದಂತೆ ಎಂದು ತಿಳಿದು ಸುಮ್ಮನಿದ್ದವರು ಬಹಳ ಮಂದಿ.

ಎರಡನೇ ದಾರಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಅಂದರೆ ಎಐಸಿಟಿಇಯ ‘ಪ್ರಗತಿ’. ತಾಂತ್ರಿಕ ಪದವಿ, ಡಿಪ್ಲೊಮಾ ಓದುವ ಹುಡುಗಿಯರಿಗೆ ವರ್ಷಕ್ಕೆ 50,000, ಬಿ.ಇ. ಆದರೆ ನಾಲ್ಕು ವರ್ಷ. ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳ ತನಕ ಕೊಡುತ್ತಾರೆ. ಅರ್ಹ ಪರೀಕ್ಷೆಯ ಅಂಕದ ಮೇಲೆ ಆಯ್ಕೆ. ಮೊದಲ ವರ್ಷದಲ್ಲಿ, ಇಲ್ಲವೇ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದಾಗ ಮಾತ್ರ ಹೊಸ ಅರ್ಜಿ. ‘ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ನೋಡೋಣ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಅರ್ಜಿ ಹಾಕುವುದು ಕೇಂದ್ರದ ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವ ಮಕ್ಕಳಿಗೆ ಇದೇ ಮೊತ್ತದ ‘ಸಕ್ಷಮ್’ ಇದೆ, ತಂದೆತಾಯಿ ಇಲ್ಲದವರಿಗೆ ‘ಸ್ವನಾಥ್’.

ಪ್ರಗತಿ ಪಡೆಯುವವರು ಕೇಂದ್ರ, ರಾಜ್ಯ ಸರ್ಕಾರದ ಬೇರೆ ವಿದ್ಯಾರ್ಥಿವೇತನ ತೆಗೆದುಕೊಳ್ಳುತ್ತಿಲ್ಲ ಎಂದು ಬರೆದುಕೊಡಬೇಕು. ಹಾಗಾಗಿ ಎರಡು ದಾರಿಯನ್ನು ತೂಗಿ ನೋಡಲೇಬೇಕು. ಕಾಲೇಜಿನ ಶುಲ್ಕದ ರಸೀದಿ ತೆಗೆದುಕೊಂಡು ಬೋಧನಾ ಶುಲ್ಕ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಬರೆಯಿರಿ. ವಿನಾಯಿತಿ ಸಿಗುವುದು ಸರ್ಕಾರ ನಿಗದಿ ಮಾಡಿದ ಶುಲ್ಕಕ್ಕೆ. ಕಾಲೇಜು ತನ್ನ ಲೆಕ್ಕದಲ್ಲಿ ತೆಗೆದುಕೊಳ್ಳುವ ಬಸ್ಸು, ತರಬೇತಿ, ಇತರೆ ಎಂಬ ಬಾಬ್ತಿಗೆ ಸಿಗುವುದಿಲ್ಲ. ವಿನಾಯಿತಿಯ ಮೊತ್ತಕ್ಕೆ 15,000 ಸೇರಿಸಿ, ಹಾಸ್ಟೆಲ್ ಸಿಕ್ಕಿದ್ದರೆ ಅದರ ಬದಲು ಊಟ ವಸತಿಯ ಬೆಲೆ ಸೇರಿಸಿ. ಅದು 50,000 ದಾಟಿದರೆ ಎಸ್‌ಎಸ್‌ಪಿ ದಾರಿ, ದಾಟದಿದ್ದರೆ ಪ್ರಗತಿ. ಪ್ರಗತಿಗೆ ಆಯ್ಕೆ ಖಚಿತವಲ್ಲ, ಸ್ಪರ್ಧೆ ಇದೆ ಎಂಬುದನ್ನೂ ತೂಕಕ್ಕೆ ಹಾಕಿ. ಎಸ್‌ಎಸ್‌ಪಿಗೆ ಹಾಕಿ ಪ್ರಗತಿಗೂ ಹಾಕಿದ್ದರೆ, ಒಂದು ಮಂಜೂರಾದ ದಿನವೇ ಇನ್ನೊಂದನ್ನು ಬಿಡುವುದಾಗಿ ಕಾಲೇಜಿನ ಸ್ಕಾಲರ್‌ಶಿಪ್ ನೋಡಲ್ ಅಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಅಣ್ಣನ ಮಗನ ಲೆಕ್ಕ ತಿರುಗಾಮುರುಗಾ. ಸರ್ಕಾರಿ ಪದವಿ ಕಾಲೇಜಿನ ಬಿ.ಕಾಂ. ಫೀಸು ಕೆಲವೇ ಸಾವಿರ. ಆ ಫೀಸು ಮನ್ನಾ ಆದರೂ ಉಳಿಯುವುದು ಅಷ್ಟೇ. ಅವನಿಗೆ ನೋಡಬೇಕಾದ್ದು ಕೇಂದ್ರ ವಲಯದ ವಿದ್ಯಾರ್ಥಿವೇತನ, ಈಗಿನ ಹೆಸರು ಪಿಎಂ-ಯುಎಸ್‌ಪಿ. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಮುಂದೆ ಎಂ.ಕಾಂ.ಗೆ ಹೋದರೆ ವರ್ಷಕ್ಕೆ 20,000. ಆದಾಯ ಮಿತಿ 4.5 ಲಕ್ಷ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸಬರು. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಕ್ಕೆ 3:2:1 ಪ್ರಮಾಣದಲ್ಲಿ ಹಂಚುತ್ತಾರೆ, ಅರ್ಧ ಹುಡುಗಿಯರಿಗೆ. ಷರತ್ತು ಪಿಯುಸಿಯಲ್ಲಿ ‘80 ಪರ್ಸೆಂಟೈಲ್’ ಮೇಲಿರಬೇಕು ಎಂಬುದು. ಇದನ್ನು ಶೇ 80 ಅಂಕ ಎಂದು ಓದಿಕೊಂಡು ಬಿಟ್ಟುಬಿಡುವವರಿದ್ದಾರೆ. ಪರ್ಸೆಂಟೈಲ್ ಅಂದರೆ ಅದೇ ವಿಭಾಗದಲ್ಲಿ ಪಾಸಾದ ನೂರು ಮಂದಿಯಲ್ಲಿ ಮೇಲಿನ ಇಪ್ಪತ್ತರೊಳಗೆ ಇದ್ದೀರಾ ಎಂಬ ಲೆಕ್ಕ. ಯಾವ ಅಂಕಕ್ಕೆ ಆ ಗೆರೆ ಬೀಳುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ, ವಿಭಾಗದಿಂದ ವಿಭಾಗಕ್ಕೆ ಬೇರೆ. ರಾಜ್ಯದ ಶುಲ್ಕ ವಿನಾಯಿತಿ ಅಥವಾ ಬೇರೆ ವಿದ್ಯಾರ್ಥಿವೇತನ ಪಡೆಯುವವರಿಗೆ ಇದು ಇಲ್ಲ. ಅದಕ್ಕೇ ಬಿ.ಇ. ಓದುವ ಮಗಳಿಗೆ ಇದು ನಷ್ಟದ ಬಾಬ್ತು, ಅಣ್ಣನ ಮಗನಿಗೆ ಲಾಭದ್ದು. ನವೀಕರಣಕ್ಕೆ ಪ್ರತಿ ವರ್ಷ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಅವನ ಅರ್ಜಿಗೆ ಅವನ ತಂದೆತಾಯಿಯ ಆದಾಯ ಪ್ರಮಾಣಪತ್ರ ಬೇಕು, ನಿಮ್ಮದಲ್ಲ.

ರೈತರ ಮಕ್ಕಳೆಂಬ ಲೆಕ್ಕದಲ್ಲಿ ಇರುವುದು ರೈತ ವಿದ್ಯಾನಿಧಿ. 2021ರಲ್ಲಿ ಶುರುವಾದ ಈ ಯೋಜನೆಯ ದರಪಟ್ಟಿಯಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500. ಬಿ.ಇ., ಎಂಬಿಬಿಎಸ್, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಆಮೇಲೆ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೋ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ಇದು ಗೊತ್ತಿರಬೇಕು. ಈ ವರ್ಷ ಹಣ ಬಿಡುಗಡೆ ಹೇಗಿದೆ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

ಇಲ್ಲಿ ಎಡವುವುದು ಪಹಣಿಯಲ್ಲಿ. ಜಮೀನು ತಂದೆ ಅಥವಾ ತಾಯಿಯ ಹೆಸರಿನಲ್ಲಿರಬೇಕು, ರೈತರ ವಿವರ ನೋಂದಾಯಿಸುವ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಆಗಿರಬೇಕು, ಅದಕ್ಕೆ ಆಧಾರ್ ಜೋಡಣೆಯಾಗಿರಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರೇ ಇನ್ನೂ ಪಹಣಿಯಲ್ಲಿ ಕೂತಿದೆ. ಉಳುವವರು ಅಣ್ಣತಮ್ಮಂದಿರು, ಬೆಳೆ ಮಾರುವವರು ಅವರೇ, ಕಾಗದದಲ್ಲಿ ಮಾತ್ರ ಅಜ್ಜ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಆಗದ ಹೊರತು ಮೊಮ್ಮಕ್ಕಳು ರೈತರ ಮಕ್ಕಳೆಂದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು ಅಣ್ಣತಮ್ಮಂದಿರ ಜಂಟಿ ಆಸ್ತಿಯಾಗಿದ್ದರೆ ಇದನ್ನು ಮೊದಲು ನೋಡಿ. ಇದು ಒಂದು ವಾರದಲ್ಲಿ ಆಗುವ ಕೆಲಸವಲ್ಲ.

ಮಗಳಿಗೆ ಇನ್ನೊಂದು ಒಳ್ಳೆಯ ಅವಕಾಶವಿದೆ, ಅವಳು ಸರ್ಕಾರಿ ಶಾಲೆಯಲ್ಲಿ ಓದಿದ್ದರಿಂದಲೇ. ಅಜೀಂ ಪ್ರೇಮ್‌ಜಿ ಫೌಂಡೇಶನ್ 10ನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000 ಕೊಡುತ್ತದೆ. 2025ರಲ್ಲಿ ಕರ್ನಾಟಕವೂ ಅದರಲ್ಲಿ ಸೇರಿತು, ಆ ವರ್ಷದ ಮೊದಲ ಸುತ್ತು ಸೆಪ್ಟೆಂಬರ್ 10ರಿಂದ 30ರ ವರೆಗೆ ಇತ್ತು. ಇನ್ಫೊಸಿಸ್ ಫೌಂಡೇಶನ್ನಿನ ‘ಸ್ಟೆಮ್ ಸ್ಟಾರ್ಸ್’ ವಿಜ್ಞಾನ, ಎಂಜಿನಿಯರಿಂಗ್ ಓದುವ ಹುಡುಗಿಯರಿಗೆ ವರ್ಷಕ್ಕೆ 1 ಲಕ್ಷದ ತನಕ ನೆರವು ಕೊಡುತ್ತದೆ, ಆದಾಯ ಮಿತಿ 8 ಲಕ್ಷ. ರಿಲಯನ್ಸ್ ಫೌಂಡೇಶನ್ನಿನದು ಪದವಿ ಮುಗಿಯುವ ತನಕ ಒಟ್ಟು 2 ಲಕ್ಷದ ವರೆಗೆ, 12ನೇ ತರಗತಿಯಲ್ಲಿ ಶೇ 60 ಬೇಕು, ಆನ್‌ಲೈನ್ ಪರೀಕ್ಷೆ ಬರೆಯಬೇಕು, ಬಿ.ಕಾಂ. ಹುಡುಗನೂ ಹಾಕಬಹುದು. ಈ ಮೂರಕ್ಕೂ ಧೈರ್ಯವಾಗಿ ಹಾಕಿ, ಅರ್ಜಿಗೆ ದುಡ್ಡು ಕೇಳುವುದಿಲ್ಲ. ಯಾರಾದರೂ ‘ಪ್ರೊಸೆಸಿಂಗ್ ಫೀ 499’ ಎಂದು ವಾಟ್ಸ್‌ಆಪ್‌ನಲ್ಲಿ ಲಿಂಕ್ ಕಳಿಸಿದರೆ ಅದು ಸ್ಕಾಲರ್‌ಶಿಪ್ ಅಲ್ಲ, ಮೋಸ.

ಇನ್ನು ದುಡ್ಡು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು. ಅರ್ಹತೆ ಇಲ್ಲದೆ ತಪ್ಪಿದ್ದಕ್ಕಿಂತ ಕಾಗದ ಹೊಂದದೆ ತಪ್ಪಿದ್ದೇ ಹೆಚ್ಚು. ಅದರಲ್ಲೂ ಮೂರು ಕಡೆ.

ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎಚ್.’, ಆಧಾರ್‌ನಲ್ಲಿ ‘ಕಾವ್ಯ ಹನುಮಂತಪ್ಪ’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಕುಮಾರಿ ಕಾವ್ಯ’ ಎಂದಿದೆ ಅಂದುಕೊಳ್ಳಿ. ನಮಗೆ ಮೂರೂ ಒಬ್ಬಳೇ, ಕಂಪ್ಯೂಟರ್‌ಗೆ ಮೂವರು. ಅಂಕಪಟ್ಟಿಯನ್ನು ಬದಲಿಸಲು ಹೋಗಬೇಡಿ, ಅದು ವರ್ಷಗಟ್ಟಲೆ ಎಳೆಯುತ್ತದೆ. ಅಂಕಪಟ್ಟಿಯಲ್ಲಿ ಇರುವ ಹಾಗೆಯೇ ಆಧಾರ್ ತಿದ್ದಿಸಿ, ಆಮೇಲೆ ಬ್ಯಾಂಕಿನಲ್ಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಸೇವಾ ಕೇಂದ್ರದವರು ತೋರಿಸುವ ಪರದೆಯ ಮೇಲೆ ಒಂದೊಂದು ಅಕ್ಷರ, ಇನಿಶಿಯಲ್ ಮುಂದಿದೆಯೋ ಹಿಂದಿದೆಯೋ ಎಂಬುದನ್ನೂ ಓದಿ ಒಪ್ಪಿಗೆ ಕೊಡಿ. 15 ವರ್ಷ ತುಂಬಿದಾಗ ಮಾಡಿಸಬೇಕಾದ ಬೆರಳಚ್ಚು, ಕಣ್ಣು, ಫೋಟೊ ನವೀಕರಣ ಆಗಿದೆಯೇ ಅದನ್ನೂ ಕೇಳಿ. ಎನ್‌ಎಸ್‌ಪಿಯಲ್ಲಿ ಈಗ ಒಂದು ಸಲದ ನೋಂದಣಿಗೆ ಮೊಬೈಲ್‌ನಲ್ಲಿ ಮುಖ ತೋರಿಸಬೇಕು. ಐದು ವರ್ಷದ ಮಗುವಿನ ಫೋಟೊ ಇಟ್ಟುಕೊಂಡ ಆಧಾರ್ 18ರ ಹುಡುಗಿಯ ಮುಖವನ್ನು ಗುರುತಿಸುವುದಿಲ್ಲ.

ಬ್ಯಾಂಕ್. ಪಾಸ್‌ಬುಕ್‌ಗೆ ಆಧಾರ್ ಕೊಟ್ಟಿದ್ದೇವೆ, ಸಾಕು ಎಂದು ತಿಳಿಯಬೇಡಿ. ಅದು ಗುರುತಿನ ದಾಖಲೆ ಮಾತ್ರ. ಸರ್ಕಾರದ ನೇರ ನಗದು (ಡಿಬಿಟಿ) ಬರಬೇಕಾದರೆ ಆ ಖಾತೆ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಜೋಡಣೆಯಾಗಿರಬೇಕು. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದೇ ನಿಲ್ಲುತ್ತದೆ. ಅರ್ಜಿಯಲ್ಲಿ ಯಾವ ಖಾತೆ ಬರೆದಿದ್ದರೂ ಹಣ ಹೋಗುವುದು ಅಲ್ಲಿಗೇ. ಎಂಟನೇ ಕ್ಲಾಸಿನಲ್ಲಿ ತೆರೆದು ಮರೆತ ಖಾತೆಗೆ ಹಣ ಹೋಗಿ ಕೂತಿರುವುದೂ, ಎರಡು ವರ್ಷ ವ್ಯವಹಾರವಿಲ್ಲದೆ ನಿಂತ ಖಾತೆಯಿಂದ ಹಣ ವಾಪಸ್ ಆಗಿರುವುದೂ ಇದೇ ಕಾರಣಕ್ಕೆ. ಮೈ ಆಧಾರ್ ತಾಣದಲ್ಲಿ ಮಗಳ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ಒಳಹೋದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬ ಚೌಕವಿದೆ. ಒತ್ತಿದರೆ ಬ್ಯಾಂಕಿನ ಹೆಸರು, ‘ಆಕ್ಟಿವ್’ ಅಥವಾ ‘ಇನ್‌ಆಕ್ಟಿವ್’ ಎಂಬ ಪದ, ಜೋಡಿಸಿದ ದಿನಾಂಕ ಕಾಣುತ್ತದೆ. ಅಲ್ಲಿ ಬೇಕಾದ ಬ್ಯಾಂಕ್ ಇರದಿದ್ದರೆ ಶಾಖೆಗೆ ಹೋಗಿ ‘ಡಿಬಿಟಿಗೆ ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ’ ಕೇಳಿ ಕೊಡಿ. ವಾರ ಬಿಟ್ಟು ಮತ್ತೆ ಅದೇ ಚೌಕ ನೋಡಿ. ಖಾತೆ ಮಗಳ ಹೆಸರಿನಲ್ಲೇ ಇರಬೇಕು, ಅಮ್ಮನ ಖಾತೆ ನಡೆಯುವುದಿಲ್ಲ.

ಮೊಬೈಲ್. ಸೈಬರ್ ಸೆಂಟರಿನಲ್ಲಿ ಅವಸರಕ್ಕೆ ಅವರ ನಂಬರನ್ನೇ ಹಾಕಿಬಿಡುತ್ತಾರೆ. ಆಮೇಲೆ ಬರುವ ಪ್ರತಿ ಒಟಿಪಿ, ‘ಅರ್ಜಿ ತಿದ್ದಿ’ ಎಂಬ ಪ್ರತಿ ಸಂದೇಶ ಆ ಅಂಗಡಿಯ ಹುಡುಗನ ಜೇಬಿಗೆ ಹೋಗುತ್ತದೆ. ಮಗಳ ಕೈಯಲ್ಲಿ ಸದಾ ಇರುವ ನಂಬರ್ ಒಂದನ್ನು ಆಧಾರ್‌ಗೂ ಅರ್ಜಿಗೂ ಕೊಟ್ಟು, ಡಿಗ್ರಿ ಮುಗಿಯುವ ತನಕ ರೀಚಾರ್ಜ್ ನಿಲ್ಲಿಸಬೇಡಿ.

ಆದಾಯ ಪ್ರಮಾಣಪತ್ರದ ದಿನಾಂಕವನ್ನೂ ನೋಡಿಕೊಳ್ಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ. 2ಎ, 3ಎ, 3ಬಿಯವರಿಗೆ ಜಾತಿ ಮತ್ತು ಆದಾಯ ಒಂದೇ ಪತ್ರದಲ್ಲಿ ಬರುವುದರಿಂದ ಅವಧಿ ಮುಗಿದರೆ ಎರಡೂ ಹೋದಂತೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಬಿ.ಇ. ಮಧ್ಯದಲ್ಲಿ ಸತ್ತುಹೋಗುತ್ತದೆ. ಜೂನ್‌ನಲ್ಲಿ ಬಿತ್ತನೆ ಶುರುವಾದರೆ ನಿಮಗೂ ಪುರಸೊತ್ತಿರುವುದಿಲ್ಲ, ಗ್ರಾಮ ಆಡಳಿತ ಅಧಿಕಾರಿಯೂ ಕೈಗೆ ಸಿಗುವುದಿಲ್ಲ. ಮೇ ತಿಂಗಳಲ್ಲೇ ಮಾಡಿಸಿಟ್ಟುಕೊಳ್ಳಿ.

ಎಸ್‌ಎಸ್‌ಪಿ ಅರ್ಜಿಗೆ ಮುಂಚೆ ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಸಬೇಕು. ಅಂಕಪಟ್ಟಿ, ಶುಲ್ಕ ರಸೀದಿ, ವ್ಯಾಸಂಗ ಪ್ರಮಾಣಪತ್ರದ ಮೂಲ ಪ್ರತಿ ಒಯ್ದರೆ ಇ-ದೃಢೀಕರಣ ಅಧಿಕಾರಿ ಸ್ಕ್ಯಾನ್ ಮಾಡಿ ಏರಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡುತ್ತಾರೆ. ಅರ್ಜಿಯಲ್ಲಿ ಹಾಕುವುದು ಆ ಸಂಖ್ಯೆಯನ್ನೇ. ಕೊನೆಯ ವಾರ ಆ ಅಧಿಕಾರಿಯ ಮೇಜಿನ ಮುಂದೆ ನೂರಾರು ಮಕ್ಕಳ ಸಾಲು, ಸರ್ವರ್ ಬೇರೆ ತೆವಳುತ್ತಿರುತ್ತದೆ. ದಿನಾಂಕ ವಿಸ್ತರಣೆ ಆಗೇ ಆಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ಎಸ್‌ಎಸ್‌ಪಿಯಲ್ಲಿ ಅದು ಎಷ್ಟೋ ಸಲ ನಿಜವೂ ಆಗಿದೆ, ಆದರೆ ಎನ್‌ಎಸ್‌ಪಿಗೆ ಆ ಲೆಕ್ಕ ಇಟ್ಟುಕೊಳ್ಳಬೇಡಿ. ಅರ್ಜಿಯಲ್ಲಿ ವಿಶ್ವವಿದ್ಯಾಲಯದ ಸಂಖ್ಯೆ ಹಾಕಿದಾಗ ಹೆಸರು ಬಾರದಿದ್ದರೆ ತಪ್ಪು ನಿಮ್ಮದಲ್ಲ, ಕಾಲೇಜು ಇನ್ನೂ ದಾಖಲಾತಿ ಏರಿಸಿಲ್ಲ ಎಂದರ್ಥ. ಪದವಿ ಕಾಲೇಜಿನ ಅಣ್ಣನ ಮಗನಿಗೆ ಅದು ದಾವಣಗೆರೆ ವಿಶ್ವವಿದ್ಯಾಲಯ ಯುಯುಸಿಎಂಎಸ್ ಎಂಬ ದಾಖಲಾತಿ ತಂತ್ರಾಂಶದಲ್ಲಿ ಕೊಟ್ಟ ಸಂಖ್ಯೆ.

ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ ಮೇಲೂ ಕೆಲಸ ಮುಗಿದಿಲ್ಲ. ಮೊದಲು ಕಾಲೇಜು ಪರಿಶೀಲಿಸಬೇಕು, ಆಮೇಲೆ ಮೇಲಿನ ಹಂತ. ವಾರಕ್ಕೊಮ್ಮೆ ಒಳಹೋಗಿ ನೋಡಿ. ‘ಡಿಫೆಕ್ಟ್’ ಎಂದು ಬಂದಿದ್ದರೆ ಅದು ತಿರಸ್ಕಾರವಲ್ಲ, ತಿದ್ದಿ ಮತ್ತೆ ಕಳಿಸಿ ಎಂದು. ಅದಕ್ಕೂ ಒಂದು ಕೊನೆ ದಿನ ಇರುತ್ತದೆ. ‘ರಿಜೆಕ್ಟ್’ ಎಂದಿದ್ದರೆ ಮಾತ್ರ ಆ ವರ್ಷಕ್ಕೆ ಮುಗಿಯಿತು. ಡಿಫೆಕ್ಟ್ ನೋಡಿ ಹೋಯಿತೆಂದು ಕೈಚೆಲ್ಲುವವರೇ ಜಾಸ್ತಿ.

ಇಷ್ಟಾಗಿಯೂ ಫೀಸು ಪೂರ್ತಿ ಹೊಂದದಿದ್ದರೆ ಸಾಲ. ದೇವರಾಜ ಅರಸು ನಿಗಮದ ‘ಅರಿವು’ ಯೋಜನೆಯಲ್ಲಿ ಸಿಇಟಿ ಸೀಟಿನ ಹಿಂದುಳಿದ ವರ್ಗದ ಮಕ್ಕಳಿಗೆ ವರ್ಷಕ್ಕೆ 1 ಲಕ್ಷದ ತನಕ ಶೇ 2ರ ಬಡ್ಡಿಯಲ್ಲಿ ಸಾಲವಿದೆ. ಬ್ಯಾಂಕ್ ಸಾಲಕ್ಕಿಂತ ಮೊದಲು ಅದನ್ನು ಕೇಳಿ. ಬ್ಯಾಂಕಿಗೇ ಹೋಗುವುದಾದರೆ 4 ಲಕ್ಷದ ವರೆಗೆ ಅಡಮಾನವೂ ಇಲ್ಲ, ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. ಆದಾಯ 4.5 ಲಕ್ಷದ ಒಳಗಿದ್ದು, ನ್ಯಾಕ್ ಅಥವಾ ಎನ್‌ಬಿಎ ಎಂಬ ಗುಣಮಟ್ಟದ ಮಾನ್ಯತೆ ಇರುವ ಕಡೆ ವೃತ್ತಿಪರ ಕೋರ್ಸ್ ಓದುವವರಿಗೆ ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಭರಿಸುತ್ತದೆ. ಎನ್‌ಬಿಎ ಮಾನ್ಯತೆ ಕಾಲೇಜಿಗೆಲ್ಲ ಒಟ್ಟಿಗೆ ಅಲ್ಲ, ಬ್ರಾಂಚಿಗೆ ಬ್ರಾಂಚಿಗೆ ಬೇರೆ. ಮಗಳ ಬ್ರಾಂಚಿಗೆ ಇದೆಯೇ ಕೇಳಿ. ಬಡ್ಡಿ ಸಬ್ಸಿಡಿ ತಾನಾಗಿ ಬರುವುದಿಲ್ಲ, ಪ್ರತಿ ವರ್ಷ ಶಾಖೆಗೆ ಆದಾಯ ಪ್ರಮಾಣಪತ್ರ ಮತ್ತು ಅಂಕಪಟ್ಟಿ ಕೊಟ್ಟು ನೆನಪಿಸಬೇಕು.

ಮಂಜೂರಾದ ಮೇಲೆ ಎರಡನೇ ವರ್ಷದ ಅರ್ಜಿಯನ್ನು ‘ಹೊಸದು’ ಎಂದು ಹಾಕಬೇಡಿ, ‘ನವೀಕರಣ’ ಎಂದೇ ಹಾಕಿ. ಅದೇ ಹಳೆಯ ನೋಂದಣಿ ಸಂಖ್ಯೆ, ಅದೇ ಪಾಸ್‌ವರ್ಡ್. ಮೊದಲ ವರ್ಷದ ಸ್ವೀಕೃತಿ ಪತ್ರದ ಹಿಂಬದಿಯಲ್ಲೇ ಎರಡನ್ನೂ ಬರೆದು, ಪಹಣಿ ಇಡುವ ಕಡೆ ಇಟ್ಟುಬಿಡಿ.